ಜಾತಕದ ಜೊತೆಗೆ ರಕ್ತವನ್ನೂ ನೋಡಿಸಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ರೋಗದ ಮಾತು ಯಾಕಪ್ಪಾ ಅಂತ ನಿಮಗೆ ಅನ್ನಿಸಬಹುದು. ಆದರೆ ಆರೋಗ್ಯದ ಕೆಲಸದಲ್ಲಿರುವ ನಮಗೆ, ವಂಶಪಾರಂಪರ್ಯವಾಗಿ ಬರುವ ರೋಗಗಳ ವಿಷಯ ಹೇಳಲು ಇದಕ್ಕಿಂತ ಒಳ್ಳೆಯ ಸಭೆ ಸಿಗಲಾರದು. ಹಸು ಸಾಕುವವರಿಗೆ ತಳಿಯ ಸಂಗತಿ ಅರ್ಧ ಆಗಲೇ ಗೊತ್ತಿರುತ್ತದೆ.

ಅಮೆರಿಕದಲ್ಲಿ 1952ರಲ್ಲಿ ಹುಟ್ಟಿದ ಐವನ್‌ಹೋ ಎಂಬ ಎಚ್.ಎಫ್. ಹೋರಿ ಇತ್ತು. ಅದರ ಸಂತತಿಯ ಹಸುಗಳು ಚೆನ್ನಾಗಿ ಹಾಲು ಕರೆದವು. ಹೀಗಾಗಿ ಆ ವಂಶದ ಹೋರಿಗಳ ವೀರ್ಯ ದೇಶದೇಶಕ್ಕೆ ಹೋಯಿತು. ಹೋರಿ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅದರೊಳಗೆ ‘ಬ್ಲ್ಯಾಡ್’ ಎಂಬ ರೋಗದ ವಂಶವಾಹಿ ಅಡಗಿತ್ತು. ತಾಯಿಯಿಂದೊಂದು ತಂದೆಯಿಂದೊಂದು ಆ ವಂಶವಾಹಿ ಬಂದು ಕೂಡಿದ ಕರುಗಳು ಮಾತ್ರ ಪದೇ ಪದೇ ನ್ಯುಮೋನಿಯಾ, ಭೇದಿ ಹಿಡಿದು, ಬಹುಪಾಲು ವರ್ಷ ತುಂಬುವುದರೊಳಗೇ ಸತ್ತವು. ಈಗ ನಮ್ಮ ದೇಶದ ವೀರ್ಯ ಸಂಗ್ರಹಣಾ ಕೇಂದ್ರಗಳಲ್ಲೂ ಎಚ್.ಎಫ್. ಹೋರಿಗಳಿಗೆ ಇದರ ಪರೀಕ್ಷೆ ಮಾಡುತ್ತಾರೆ. ಹೋರಿಗೆ ಇಷ್ಟೆಲ್ಲಾ ನೋಡುವ ನಾವು ಮಗನಿಗೆ ಹೆಣ್ಣು ತರುವಾಗ ಜಾತಕ ಕೇಳುತ್ತೇವೆ, ಜಮೀನು ಕೇಳುತ್ತೇವೆ, ರಕ್ತದ ಸುದ್ದಿ ಮಾತ್ರ ಎತ್ತುವುದಿಲ್ಲ.

ಮನುಷ್ಯರಲ್ಲಿ ಥಲಸ್ಸೀಮಿಯಾ ಇದೇ ದಾರಿಯಲ್ಲಿ ಬರುತ್ತದೆ. ಒಂದೇ ವಂಶವಾಹಿ ಕೆಟ್ಟಿದ್ದರೆ ಆ ಮನುಷ್ಯ ರೋಗಿಯಲ್ಲ, ಬರೀ ವಾಹಕ. ಉಳುತ್ತಾನೆ, ದುಡಿಯುತ್ತಾನೆ, ಎಲ್ಲರಂತೆ ಬಾಳುತ್ತಾನೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. “ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಬರಲ್ಲ ಬಿಡಿ” ಅನ್ನುವವರಿದ್ದಾರೆ. ಅದು ತಪ್ಪು ಲೆಕ್ಕ. ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದ ಹಾಗೆ.

ರೋಗ ಬಂದ ಮಗು ಹುಟ್ಟುವಾಗ ಚೆನ್ನಾಗೇ ಇರುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ. ಆಮೇಲೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ ಕೊಡಿಸಬೇಕು, ಅದೂ ಜೀವಮಾನವಿಡೀ. ಕೊಟ್ಟ ರಕ್ತದ ಕಬ್ಬಿಣಾಂಶ ಹೃದಯದಲ್ಲಿ, ಪಿತ್ತಜನಕಾಂಗದಲ್ಲಿ ಕೂಡುತ್ತದೆ, ಅದನ್ನು ತೆಗೆಯಲು ಬೇರೆ ಔಷಧಿ. ಅಸ್ಥಿಮಜ್ಜೆ ಕಸಿಯಿಂದ ಗುಣಪಡಿಸಬಹುದು. ಆದರೆ ಹೊಂದುವ ದಾನಿ ಸಿಗಬೇಕು, ಹಣ ಒದಗಬೇಕು. ಕೂಲಿ ಬಿಟ್ಟು ತಿಂಗಳು ತಿಂಗಳು ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವ ತಾಯಂದಿರನ್ನು ನಾವು ನೋಡಿದ್ದೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೀಮಿಯಾವನ್ನೂ ಸೇರಿಸಿದ್ದಾರೆ. ಇದು ತಿಳಿಯದೆ ಸೌಲಭ್ಯ ಕೇಳದವರು ಇದ್ದಾರೆ.

ಕುಡುಗೋಲು ಕಣ ರೋಗವೂ ಹೀಗೇ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಯಾಚೆಯ ನೀಲಗಿರಿಯ ಗಿರಿಜನರಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ಅಭಿಯಾನ ಶುರುಮಾಡಿದೆ.

ಪರೀಕ್ಷೆ ಕಷ್ಟದ್ದಲ್ಲ. ಮೊದಲು ಸಾಮಾನ್ಯ ರಕ್ತ ಪರೀಕ್ಷೆ. ಕೆಂಪು ಕಣ ತೀರಾ ಚಿಕ್ಕದಾಗಿದ್ದರೆ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ. ಅದರಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ಥಲಸ್ಸೀಮಿಯಾ ವಾಹಕರೆಂದು ಅರ್ಥ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತ ಏರದ ಹೆಣ್ಣುಮಕ್ಕಳಿಗೆ ಇದನ್ನು ಮಾಡಿಸಲೇಬೇಕು. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಇನ್ನೊಂದು ಮಾತನ್ನು ಖಾರವಾಗಿಯೇ ಹೇಳಬೇಕಾಗಿದೆ. ಮಗುವಿಗೆ ರೋಗ ಬಂದರೆ “ಸೊಸೆ ತಂದ ಪೀಡೆ” ಅನ್ನುವ ಅತ್ತೆಯರು ಎಲ್ಲ ಊರಲ್ಲೂ ಇದ್ದಾರೆ. ಅಮ್ಮಾ, ಅರ್ಧ ನಿಮ್ಮ ಮಗನಿಂದಲೇ ಬಂದದ್ದು. ಅವನಿಗೆ ಬಂದದ್ದು ನಿಮ್ಮಿಂದಲೋ ನಿಮ್ಮ ಯಜಮಾನರಿಂದಲೋ! ಹೆಂಡತಿ ವಾಹಕಳೆಂದು ಗೊತ್ತಾದ ದಿನವೇ ಗಂಡನೂ ರಕ್ತ ಕೊಡಬೇಕು. ಗಂಡಸರು ಇಲ್ಲೇ ಹಿಂದೆ ಸರಿಯುವುದು.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇಬ್ಬರೂ ಒಂದೇ ಮನೆತನದ ರಕ್ತವಾದ್ದರಿಂದ ಅಡಗಿದ ವಂಶವಾಹಿ ಎರಡೂ ಕಡೆ ಇರುವ ಸಂಭವ ಹೆಚ್ಚು. ಅಂಥ ಸಂಬಂಧಕ್ಕೆ ಮೊದಲು ಪರೀಕ್ಷೆ ಆಗಲಿ.

ದೋಷ ಕಂಡ ಹೋರಿಯನ್ನು ಕೈಬಿಡುತ್ತಾರೆ, ಮನುಷ್ಯರ ಲೆಕ್ಕ ಹಾಗಲ್ಲ. ವಾಹಕರಲ್ಲದವರನ್ನು ಮದುವೆಯಾದರೆ ಮಗುವಿಗೆ ಈ ರೋಗ ಬರುವ ಭಯವಿಲ್ಲ. ಇಬ್ಬರೂ ವಾಹಕರಾಗಿ ಮದುವೆ ಆಗಿಬಿಟ್ಟಿದ್ದರೂ ದಾರಿಯಿದೆ. ಬಸುರಾದ ಮೂರನೇ ತಿಂಗಳ ಹೊತ್ತಿಗೆ ಪರೀಕ್ಷೆ ಮಾಡಿ ಮಗುವಿನ ಸ್ಥಿತಿ ತಿಳಿಯಬಹುದು. ಮುಂದೇನು ಅನ್ನುವುದು ಆ ದಂಪತಿಗಳಿಗೆ ಬಿಟ್ಟದ್ದು. (ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ, ಹೇಳುವುದು 1994ರ ಕಾಯಿದೆಯಂತೆ ಅಪರಾಧ.)

ಪರೀಕ್ಷೆಯ ಚೀಟಿ ನಿಮ್ಮದು, ಊರಿನದ್ದಲ್ಲ. ತೋರಿಸಬೇಕಾದದ್ದು ಡಾಕ್ಟರಿಗೆ ಮತ್ತು ಕೈಹಿಡಿಯುವವರಿಗೆ. ಪ್ರಶ್ನೆಗಳಿದ್ದರೆ ಈಗಲೇ ಕೇಳಿ. ಎಲ್ಲರೆದುರು ಸಂಕೋಚವಾದರೆ, ಊಟ ಆದಮೇಲೆ ಸಂಘದ ಕಚೇರಿಯ ಒಳಕೋಣೆಯಲ್ಲಿ ಸಂಜೆ ಹಾಲು ಅಳೆಯುವ ಹೊತ್ತಿನವರೆಗೂ ಕೂತಿರುತ್ತೇವೆ.