ಚಿಂತೆಯೂ ಚರ್ಮವೂ

ಭರತಮುನಿಯ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಇವುಗಳಲ್ಲಿ ಬೆವರುವುದು, ರೋಮ ನಿಮಿರುವುದು, ಬಣ್ಣಗೆಡುವುದು, ಈ ಮೂರೂ ಚರ್ಮದ ಮೇಲೆಯೇ ತೋರತಕ್ಕವು. ಮನಸ್ಸಿನಲ್ಲಿ ಹುಟ್ಟಿದ್ದು ಮೈಮೇಲೆ ಮೂಡುತ್ತದೆ ಎಂಬುದನ್ನು ನಮ್ಮ ಲಾಕ್ಷಣಿಕರು ಚೆನ್ನಾಗಿ ಬಲ್ಲವರಾಗಿದ್ದರು. ಶಾಸ್ತ್ರವನ್ನು ಓದದವರೂ ಬಲ್ಲರು. ಇಲ್ಲವಾದರೆ "ಮುಖ ಕಪ್ಪಿಟ್ಟಿತು", "ಮೈ ಜುಮ್ಮೆಂದಿತು", "ಅವನ ಮಾತಿಗೆ ಮೈಯೆಲ್ಲ ಉರಿಯಿತು" ಎಂಬ ನುಡಿಗಳು ಎಲ್ಲಿಂದ ಬರಬೇಕು? ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಈ ಪಾಠ ಹೇಳಿದ ನಾನು ಮಾತ್ರ ಇದನ್ನು ಕಾವ್ಯಕ್ಕೆ ಸಂಬಂಧಪಟ್ಟ ಸಂಗತಿಯೆಂದೇ ತಿಳಿದಿದ್ದೆ.

2022ರ ಕೊನೆಗೆ ಕಲಬುರಗಿ ಜಿಲ್ಲೆಯಲ್ಲಿ ತೊಗರಿಗೆ ನೆಟೆ ರೋಗ ಬಿದ್ದದ್ದು ಅನೇಕರಿಗೆ ನೆನಪಿದ್ದೀತು. ಕಾಯಿ ಕಟ್ಟುವ ಹೊತ್ತಿಗೆ ಹೊಲಹೊಲವೇ ನಿಂತಲ್ಲಿ ಒಣಗಿತು. ಆ ವರ್ಷ ಸುಲೇಪೇಟದ ಸುತ್ತಿನ ಹಳ್ಳಿಯೊಂದರಿಂದ ಹತ್ತನೆಯ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳ ಮೊಣಕೈಯ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ ಕೆಂಪು ಕಲೆಗಳು ಎದ್ದವು. ಪಾಠ ನಡೆಯುತ್ತಿರುವಾಗಲೂ ತುರಿಸುತ್ತಿದ್ದಳು. "ಕೆರೀಬ್ಯಾಡ" ಎಂದು ನಾಲ್ಕು ಸಲ ಗದರಿಸಿದೆ. ಪಕ್ಕದ ಹುಡುಗಿಯರು "ಸರ್, ನಮಗೂ ಹತ್ತತದ್ರಿ" ಎಂದು ದೂರಿದಾಗ ಆಕೆಯನ್ನು ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂಡಿಸಿದೆ. ಒಳ್ಳೆಯ ಕೆಲಸವನ್ನೇ ಮಾಡಿದೆನೆಂದುಕೊಂಡಿದ್ದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳ ಉತ್ತರಪತ್ರಿಕೆಯ ಅಂಚಿಗೆ ರಕ್ತದ ಕಲೆ ಅಂಟಿತ್ತು.

ಮನೆಯವರು ಸುಮ್ಮನೆ ಕುಳಿತಿರಲಿಲ್ಲ. ಔಷಧದ ಅಂಗಡಿಯಲ್ಲಿ ಕೇಳಿ ಒಂದು ಮುಲಾಮು ತಂದು ಹಚ್ಚಿದ್ದರು. ನಾಲ್ಕು ದಿನ ತಗ್ಗಿತು. ಬಿಟ್ಟೊಡನೆ ಇಮ್ಮಡಿಯಾಗಿ ಬಂತು. ಇಂಥ ಮುಲಾಮುಗಳಲ್ಲಿ ಬಹುಮಟ್ಟಿಗೆ ಬಲವಾದ ಸ್ಟೀರಾಯ್ಡ್ ಇರುತ್ತದೆ. ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಮದ್ದು. ತಿಂಗಳುಗಟ್ಟಲೆ ಮನಸ್ವೀ ತಿಕ್ಕಿದರೆ ಚರ್ಮ ತೆಳ್ಳಗಾಗುತ್ತದೆ, ಗಜಕರ್ಣವಿದ್ದರೆ ಮೈಯೆಲ್ಲ ಹಬ್ಬುತ್ತದೆ. ಆದುದರಿಂದಲೇ ಕೇಂದ್ರ ಸರಕಾರವು 2018ರಲ್ಲಿ ಇಂಥ 14 ಬಗೆಯ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟು ಮಾಡಿತು. ಕಟ್ಟು ಕಾಗದದ ಮೇಲಿದೆ. ಮುಲಾಮು ಈಗಲೂ ಕೈಗೆ ಸಿಗುತ್ತದೆ.

ಕಡೆಗೆ ತಾಯಿ ಮಗಳೊಡನೆ ನಾನೂ ಕಲಬುರಗಿಗೆ ಹೋದೆ. ಚರ್ಮವೈದ್ಯೆ ಆ ಹುಡುಗಿಯ ಕೈಯನ್ನು ಬರಿಗೈಯಿಂದಲೇ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಇದು ಇಸುಬು. ಹತ್ತೋ ರೋಗ ಅಲ್ಲ" ಎಂದರು. ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಬಳಿಕ ಕೇಳಿದರು:

"ತುರಿಕಿ ಯಾವಾಗ ಹೆಚ್ಚಾಗ್ತದವ್ವ?"

"ರಾತ್ರಿ ರೀ."

"ರಾತ್ರಿ ಮನ್ಯಾಗ ಏನು ನಡೀತದ?"

ಹುಡುಗಿ ತಾಯಿಯ ಮುಖ ನೋಡಿದಳು. ಬಹಳ ಹೊತ್ತಿನ ಮೇಲೆ ಅಂದಳು: "ತೊಗರಿ ಹೋಯ್ತು, ಸಾಲ ಆಯ್ತು. ಈ ಸಲ ಫೇಲಾದ್ರ ಲಗ್ನ ಮಾಡಿ ಕಳಸ್ತೀವಿ ಅಂತ ಅಪ್ಪ ಅಂತಾನ್ರಿ."

ಹಾಗಾದರೆ ಇಸುಬು ಸುಳ್ಳೇ, ಬರಿಯ ಮನಸ್ಸಿನ ಭ್ರಮೆಯೇ? ಖಂಡಿತ ಅಲ್ಲ. ಗರ್ಭದಲ್ಲಿ ಪಿಂಡವು ಇನ್ನೂ ಮೂರು ಪದರಗಳಾಗಿರುವಾಗ, ಹೊರಪದರ ಒಂದರಿಂದಲೇ ಮಿದುಳು, ನರಗಳೂ ಚರ್ಮದ ಮೇಲ್ಪದರವೂ ಹುಟ್ಟುತ್ತವೆ. ಒಡಹುಟ್ಟಿದವರು ಬೇರೆ ಮನೆ ಮಾಡಿದರೂ ಹೋಗಿಬರುವುದು ತಪ್ಪುವುದಿಲ್ಲವಷ್ಟೆ. ಚಿಂತೆ ಹೆಚ್ಚಿದಾಗ ಮಿದುಳು ಸನ್ನೆ ಮಾಡುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿನ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹಾವು ಕಂಡಾಗ ಒಂದು ಗಳಿಗೆ ಇದು ಬೇಕಾದದ್ದೇ. ತಿಂಗಳಾನುಗಟ್ಟಲೆ ಹರಿದರೆ ಕೇಡು. ಚರ್ಮದ ಹೊರಪದರವನ್ನು ನಮ್ಮ ಶಹಾಬಾದಿ ಕಲ್ಲಿನ ಗೋಡೆಗೆ ಹೋಲಿಸಬಹುದು: ಜೀವಕೋಶಗಳು ಕಲ್ಲು, ನಡುವಿನ ಜಿಡ್ಡು ಗಾರೆ. ಬಹುಕಾಲದ ಚಿಂತೆಯಿಂದ ಈ ಗಾರೆ ಬೇಗ ದುರಸ್ತಿಯಾಗದು. ಒಳಗಿನ ಪಸೆ ಆರುತ್ತದೆ, ಹೊರಗಿನ ಧೂಳು, ಸಾಬೂನು ಒಳಹೊಕ್ಕು ಕೆರಳಿಸುತ್ತವೆ. ನರಗಳ ತುದಿಗಳು ಕೆರಳಿ, ಚರ್ಮದೊಳಗಿನ ಕೆಲವು ಕೋಶಗಳು ಹಿಸ್ಟಮೀನ್ ಮುಂತಾದವನ್ನು ಸುರಿಸುತ್ತವೆ. ತುರಿಸಿದರೆ ಗೋಡೆ ಇನ್ನಷ್ಟು ಕೀಳುತ್ತದೆ, ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟವನಿಗೆ ಚಿಂತೆ ಹೆಚ್ಚು. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು. ಮೊಡವೆ, ಪಿತ್ತಗಂದೆ, ಸೋರಿಯಾಸಿಸ್ ಇವೂ ಚಿಂತೆಯ ಕಾಲಕ್ಕೆ ಹೀಗೆಯೇ ಹೆಚ್ಚಬಹುದು.

ಉಪಾಧ್ಯಾಯರು ಕೇಳಬೇಕಾದ ಒಂದು ಪ್ರಯೋಗವುಂಟು. ಅಮೆರಿಕದ ಓಹಾಯೋದಲ್ಲಿ ದಂತವೈದ್ಯ ಕಲಿಯುವ 11 ವಿದ್ಯಾರ್ಥಿಗಳ ಅಂಗುಳಿನಲ್ಲಿ ಮೂರೂವರೆ ಮಿಲಿಮೀಟರಿನ ಸಣ್ಣ ಗಾಯ ಮಾಡಿದರು. ಒಮ್ಮೆ ಬೇಸಗೆಯ ರಜೆಯಲ್ಲಿ, ಮತ್ತೊಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. ಈ ವರದಿ ಪ್ರಕಟವಾದದ್ದು 1998ರಲ್ಲಿ. ಅಷ್ಟು ವರ್ಷ ನಾನು ಮಕ್ಕಳಿಗೆ ಪರೀಕ್ಷೆಯ ಭಯ ಹುಟ್ಟಿಸುವುದನ್ನು ಬೋಧನಾಕ್ರಮವೆಂದೇ ನಂಬಿದ್ದೆ!

ಆದರೆ ತುರಿಕೆಯೆಲ್ಲ ಚಿಂತೆಯಿಂದಲೇ ಎನ್ನುವುದೂ ಮೂಢತನ. ವಾಡಿ, ಸೇಡಂ ಕಡೆ ಹಸಿ ಸಿಮೆಂಟು ಮುಟ್ಟುವವರ ಕೈ ಬಿರಿಯುವುದಕ್ಕೆ ಅದರೊಳಗಿನ ಸುಣ್ಣದ ತೀಕ್ಷ್ಣತೆ, ಕ್ರೋಮಿಯಂ ಕಾರಣ. ನಮ್ಮ ಹೊಲದ ಬದುಗಳಲ್ಲಿರುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಗಾಳಿಯಲ್ಲೇ ಬಂದು ಮುಖ ಕತ್ತುಗಳನ್ನು ಕೆರಳಿಸಬಲ್ಲುದು. ಮುಟ್ಟಿದರೆ ಅರಿವಾಗದ ಕಲೆಯಿದ್ದರೆ ಕುಷ್ಠವೇ ಎಂದು ಕೂಡಲೇ ತೋರಿಸಬೇಕು. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಪೂರ್ಣ ಗುಣವಾಗುವ ಔಷಧ ಉಚಿತವಾಗಿ ದೊರೆಯುತ್ತದೆ. ಇದು ಯಾವುದು, ಅದು ಯಾವುದು ಎಂದು ಬೇರ್ಪಡಿಸಿ ಹೇಳುವುದು ಚರ್ಮವೈದ್ಯರಿಂದ ದೊರೆಯುವ ಮೊದಲ ಉಪಕಾರ.

ಎರಡನೆಯದು ಆ ಪ್ರಶ್ನೆ. ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆಂದು ವೈದ್ಯರು ಕೇಳದಿದ್ದರೆ, ನಾವೇ ಹೇಳುವುದು ಲೇಸು. ಆ ವೈದ್ಯೆ ಅಳತೆಯ ಮುಲಾಮನ್ನೂ ಕೊಟ್ಟರು. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈ ಪೂರ್ತಿ ಒಣಗುವ ಮೊದಲೇ ಜಿಡ್ಡಿನ ಲೇಪ ಹಚ್ಚಲು ಹೇಳಿದರು. ಕೆರೆಯಬೇಡವೆಂದು ಗದರಿಸುವ ಬದಲು, ತುರಿಕೆ ಬಂದಾಗ ಮುಷ್ಟಿ ಬಿಗಿಹಿಡಿದು ಮೂವತ್ತು ಎಣಿಸುವುದನ್ನು ಕಲಿಸಿದರು. ಮಗ್ಗಿಯನ್ನಾದರೂ ಹೇಳಿಕೊಳ್ಳಲೆಂದು ನಾನು ಸೇರಿಸಿದೆ.

ಮನಸ್ಸಿನ ವೈದ್ಯರ ಬಳಿಗೆ ಕಳಿಸಿದರೆ "ನಮಗೇನು ಹುಚ್ಚೆ?" ಎಂದು ಮುನಿಯುವವರಿದ್ದಾರೆ. 1998ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಸೋರಿಯಾಸಿಸ್ ಇದ್ದ 37 ಜನರನ್ನು ಬೆಳಕಿನ ಚಿಕಿತ್ಸೆಗೆ ನಿಲ್ಲಿಸಿ, ಕೆಲವರಿಗೆ ಮಾತ್ರ ಮನಸ್ಸನ್ನು ಉಸಿರಿನ ಮೇಲೆ ನಿಲ್ಲಿಸುವ ಧ್ವನಿಸುರುಳಿಯೊಂದನ್ನು ಕೇಳಿಸಿದರು. ಕೇಳಿದವರ ಚರ್ಮ ಉಳಿದವರಿಗಿಂತ ಬೇಗ ತಿಳಿಯಾಯಿತು. ಬರಿಯ ಧ್ವನಿಗೆ ಇಷ್ಟು ಶಕ್ತಿಯೆಂಬುದು ಬಾನುಲಿಯಲ್ಲಿ ಮಾತನಾಡುವವನಿಗೆ ಸ್ವಲ್ಪ ಹಿಗ್ಗಿನ ಸುದ್ದಿಯೇ. ದೂರ ಹೋಗಲಾರದವರಿಗೆ 2022ರಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ನೆರವು ಇದೆ. ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು. ಕ್ಷೌರಿಕರೂ ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳೂ ವೈದ್ಯರಿಗಿಂತ ಮೊದಲು ನಮ್ಮ ಚರ್ಮವನ್ನು ನೋಡುವವರು. ಬಿಳಿ ಮಾಡುವ ಮುಲಾಮು ಮಾರುವುದನ್ನು ಬಿಟ್ಟು, ವೈದ್ಯರಿಗೆ ತೋರಿಸಿರೆಂದು ಒಂದು ಮಾತು ಹೇಳಿದರೆ ಸಾಕು.

ಊರಿಗೆ ಬಂದ ಮೇಲೆ ಹುಡುಗಿಯ ತಂದೆಯನ್ನು ಎರಡು ಸಲ ಕಂಡೆ. ಹದಿನೆಂಟು ತುಂಬದೆ ಲಗ್ನ ಮಾಡುವುದು ಅಪರಾಧವೆಂದು ಹೇಳಿದ್ದಕ್ಕಿಂತ, ಮಗಳ ಉತ್ತರಪತ್ರಿಕೆಯನ್ನು ತೋರಿಸಿದ್ದೇ ಅವನ ಮನಸ್ಸಿಗೆ ತಾಗಿತು. "ಓದಲಿ ಬಿಡ್ರಿ" ಎಂದ. ಕಲೆಗಳು ಒಮ್ಮೆಲೇ ಹೋಗಲಿಲ್ಲ. ನಿದ್ದೆ ಮೊದಲು ಬಂತು, ತುರಿಕೆ ಮೆಲ್ಲಗೆ ಇಳಿಯಿತು. ಮರುದಿನವೇ ನಾನು ಅವಳನ್ನು ಮುಂದಿನ ಬೆಂಚಿಗೆ ಕರೆದಿದ್ದೆ. ವೈದ್ಯೆ ಹೇಳಿದ ಮಾತನ್ನು ತರಗತಿಗೆಲ್ಲ ಕೇಳುವಂತೆ ಹೇಳಿ, ಮೊದಲು ದೂರಿದ್ದ ಹುಡುಗಿಯನ್ನು ನೋಡಿದೆ. ಆಕೆ ತನ್ನ ಪಾಟಿಚೀಲವನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತಳು.