ಅಪ್ಪನ ಡೈರಿಯೂ ಮೂರನೇ ಬದಿಯೂ

ಹೋದ ವಾರ ಪ್ರಸಾರವಾದ ನನ್ನ ಪುಟ್ಟ ಮಾತನ್ನು ಓದಲು ಕೊಡಿ ಎಂದು ಕೆಲವರು ಕೇಳಿದಿರಿ. ಇಗೋ, ತಗೊಳ್ಳಿ.

ಮಳೆಗಾಲದಲ್ಲಿ ಊರಿಂದ ಅಣ್ಣನ ಫೋನು. ಹಳ್ಳದ ಪಕ್ಕ ನಮ್ಮದೊಂದು ಮೂರು ಮೂಲೆಯ ಜಾಗವಿದೆ. ಅದಕ್ಕೆ ಗಿರಾಕಿ ಬಂದಿದ್ದಾರೆ, "ಮೂರು ಗುಂಟೆ ಅಂತ ಹಿಡಿಯೋಣ ಬಿಡಿ" ಅನ್ನುತ್ತಿದ್ದಾರಂತೆ. ಎರಡು ಬದಿ ಅಳೆದಾಗಿದೆ: 26 ಮೀಟರ್, 28 ಮೀಟರ್. ಮೂರನೆಯದು ಹಳ್ಳದ ದಂಡೆ. ನೀರು ಏರಿದೆ, ಲಂಟಾನ ಬೆಳೆದಿದೆ, ಟೇಪು ಹಿಡಿದು ಕಾಲಿಡುವ ಹಾಗಿಲ್ಲ. ಆದರೆ ತೀರಿಹೋದ ಅಪ್ಪನ ಡೈರಿಯಲ್ಲಿ ಒಂದು ಸಾಲು ಸಿಕ್ಕಿತು: "ಬೇಲಿ ತಂತಿ 252 ಮೀಟರ್, ಮೂರು ಸುತ್ತು."

ಮೂರು ಸುತ್ತಿಗೆ 252 ಆದರೆ ಒಂದು ಸುತ್ತಿಗೆ 84. ಅದೇ ಸುತ್ತಳತೆ. ಗೊತ್ತಿರುವ ಎರಡು ಬದಿ ಕೂಡಿದರೆ 54. ಕಳೆದರೆ ಉಳಿಯುವುದು 30. ಅಷ್ಟೇ, ಶಾಲೆಯ ಲೆಕ್ಕ!

ಆದರೆ ಅಲ್ಲಿಗೇ ನಿಲ್ಲಬೇಡಿ. ತ್ರಿಭುಜದ ಯಾವ ಬದಿಯೂ ಉಳಿದೆರಡರ ಮೊತ್ತಕ್ಕಿಂತ ಚಿಕ್ಕದಿರಲೇಬೇಕು. ಡೈರಿಯಲ್ಲಿ 330 ಅಂತಿದ್ದರೆ ಸುತ್ತಳತೆ 110, ಮೂರನೇ ಬದಿ 56 ಬರುತ್ತಿತ್ತು. 54ನ್ನು ಮೀರಿದ ಅಂಥ ತ್ರಿಭುಜವೇ ಇಲ್ಲ. ಇನ್ನೊಂದು ತೊಡಕು, ಸುತ್ತಳತೆಯಲ್ಲಿ ಏನೇ ತಪ್ಪಿದ್ದರೂ ಅದಷ್ಟೂ ಬಂದು ಕೂರುವುದು ಅಳೆಯದ ಬದಿಯ ತಲೆಯ ಮೇಲೆ. ಅದಕ್ಕೇ ಕೇಳಿದೆ, "ಅಣ್ಣಾ, 252 ಅಪ್ಪ ಕೊಂಡದ್ದೋ, ಎಳೆದದ್ದೋ?" ಅಣ್ಣ ಪುಟ ತಿರುಗಿಸಿ ಓದಿದ: "ತಂದದ್ದು 300, ಉಳಿದದ್ದು 48." ಅಪ್ಪ ಹಾಗೆಯೇ, ಉಳಿದದ್ದನ್ನೂ ಬರೆದಿಡುವವರು.

ಮೂರೂ ಬದಿ ಸಿಕ್ಕರೆ ವಿಸ್ತೀರ್ಣವೂ ಸಿಕ್ಕಂತೆ. ಸುತ್ತಳತೆಯ ಅರ್ಧ 42. ಅದರಿಂದ ಒಂದೊಂದೇ ಬದಿ ಕಳೆದರೆ 16, 14, 12. ಈ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 336 ಚದರ ಮೀಟರ್. ಗುಂಟೆಗೆ ಸುಮಾರು 101 ಚದರ ಮೀಟರ್. ಮೂರು ಗುಂಟೆ ಹೋಗಿ ಇನ್ನೂ 32 ಚದರ ಮೀಟರಿಗೆ ಮೇಲೆ ಉಳಿಯಿತು. ಮುಂಬೈಯಲ್ಲಿ ನಾವಿರುವ ಮನೆ ಅಷ್ಟಿಲ್ಲ ಸ್ವಾಮಿ!

ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ 'ಕ್ಷೇತ್ರಗಣಿತ'ವನ್ನು ಕನ್ನಡದಲ್ಲಿ ಬರೆದಿಟ್ಟ. ಬಿ.ಎ.ಯಲ್ಲಿ ಆ ಹೆಸರನ್ನು ಪರೀಕ್ಷೆಗೆಂದು ಉರು ಹೊಡೆದವಳು ನಾನು. ಒಳಗೇನಿದೆ ಎಂದು ಇಣುಕಿದ್ದಿಲ್ಲ.

ಅಣ್ಣ ಸರ್ವೆಗೆ ಅರ್ಜಿ ಕೊಟ್ಟಿದ್ದಾನೆ. ನೀರಿಳಿಯುವ ತನಕ ಕಾಯಿರಿ ಎಂದು ಗಿರಾಕಿಗೂ ಹೇಳಿದ್ದಾನೆ.