ಅಳಿಯುವ ಹೆಸರು, ಉಳಿಯುವ ಮುದ್ರೆ
(ಸಂತ ಲಾರೆನ್ಸರ ಹಬ್ಬದ ಪ್ರಬೋಧನೆ)



ಹೂಲಿಯ ಕಡೆ ನಾವು ಮದುವೆಗೆ ಕೊಡುವ ತಾಟು, ತಂಬಿಗೆಗಳ ಮೇಲೆ ಹೆಸರು ಹಾಕಿಸುತ್ತೇವೆ. ಇಂಗ್ಲೆಂಡಿನ ಸಿರಿವಂತ ಮನೆತನಗಳೂ ತಮ್ಮ ಬೆಳ್ಳಿಯ ತಟ್ಟೆ, ಚಮಚಗಳ ಮೇಲೆ ಮನೆತನದ ಲಾಂಛನ ಕೆತ್ತಿಸುತ್ತಿದ್ದವು. ಬೆಳ್ಳಿ ಕೈ ಬದಲಾದಾಗ ಹೊಸ ಒಡೆಯ ಹಳೆಯ ಲಾಂಛನ ಉಜ್ಜಿ ತೆಗೆಸಿ ತನ್ನದನ್ನು ಕೆತ್ತಿಸುವುದಿತ್ತು. ಉಜ್ಜಿದಲ್ಲಿ ತಟ್ಟೆ ತೆಳುವಾಗುತ್ತಿತ್ತು. ಆದರೆ 1544ರಲ್ಲಿ ಆರಂಭವಾದ ಸಿಂಹದ ಮುದ್ರೆ, ಒಡೆಯರು ಬದಲಾದರೂ ಉಳಿಯುತ್ತಿತ್ತು. ಸಾವಿರದಲ್ಲಿ 925 ಪಾಲು ಶುದ್ಧ ಬೆಳ್ಳಿ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮ ನೆರೆಯ ಕಿತ್ತೂರಿನ ಭಂಡಾರವೂ 1824ರಲ್ಲಿ ಇಂಗ್ಲಿಷರ ಪಾಲಾಯಿತು. ರಾಣಿ ಚೆನ್ನಮ್ಮನ ಧೈರ್ಯವನ್ನು ಮಾತ್ರ ಅವರು ಒಯ್ಯಲಾಗಲಿಲ್ಲ.

ಕ್ರಿ.ಶ. 258ರಲ್ಲಿ ರೋಮಿನ ಅಧಿಕಾರಿ ಧರ್ಮಸಭೆಯ ಸಂಪತ್ತನ್ನು ಕೇಳಿದಾಗ ಸಂತ ಲಾರೆನ್ಸರು ಬಡವರನ್ನು ಕರೆತಂದು ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಅವರಿಗೆ ಮನುಷ್ಯರೇ ಸಂಪತ್ತು.

ನಾವೋ, ಪಾಲು ಮಾಡುವಾಗ ಒಂದು ತಂಬಿಗೆಗಾಗಿ ಒಡಹುಟ್ಟಿದವರೊಡನೆ ಮಾತು ಬಿಡುತ್ತೇವೆ. ಇಂದಿನ ಹಬ್ಬದ ಊಟಕ್ಕೆ ಅವರನ್ನು ನಾವೇ ಹೋಗಿ ಕರೆಯೋಣ. ತಾಟಿನ ಮೇಲಿನ ಹೆಸರು ಸವೆಯುತ್ತದೆ. ಜ್ಞಾನಸ್ನಾನದಲ್ಲಿ ಪ್ರಭು ಅವರ ಮೇಲೂ ನಮ್ಮ ಮೇಲೂ ಒತ್ತಿದ ಮುದ್ರೆ ಒಂದೇ, ಅದು ಅಳಿಯದು.

ಆಮೆನ್.